ಮಗ್ಗುಲು

ಲಿಸ್ಬನ್ನಿನ ಬ್ಯಾಂಕು ನನ್ನನ್ನು ಒಲ್ಯಾಂವ್‌ಗೆ ಕಳಿಸಿದ್ದು
ಮೀನು ತಿನ್ನಲಿಕ್ಕಲ್ಲ.
'ಲೊರೋಝಾ ಮತ್ತು ತಂಗಿಯರು', ಸಾರ್ಡೀನ್ ಡಬ್ಬಿಯ ಕಾರ್ಖಾನೆ,
ಬದುಕಿದರೆ ಎಷ್ಟು, ಸತ್ತರೆ ಎಷ್ಟು?
ಶುಕ್ರವಾರದೊಳಗೆ ಒಂದು ಅಂಕಿ ಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಯುವುದೇ
ನನ್ನ ಕಸುಬು.
ಹುಟ್ಟದ ಲಾಭಕ್ಕೆ ಅಳತೆ ತೆಗೆದು
ಬರಲಿರುವ ಏಳು ವರ್ಷಗಳನ್ನು ಸಾಲಾಗಿ ನಿಲ್ಲಿಸಿ
ಒಂದೊಂದರ ಕಿವಿ ಹಿಂಡಿ ಇವತ್ತಿಗೆ ಎಳೆದು ತರುತ್ತೇನೆ.
ಸೋಡಿ ದರ ಶೇಕಡಾ ಹದಿನಾಲ್ಕು.
ಏಳನೆಯ ವರ್ಷದ ನೂರು ಯೂರೋ
ನನ್ನ ಮೇಜು ತಲುಪುವಾಗ ಬರೀ ನಲವತ್ತು,
ನಡೆದೂ ನಡೆದೂ ಸವೆದ ಚಪ್ಪಲಿ.

ದಾರಿ ಮೂರಿದ್ದವು.
ಕೆಡವಿ, ದಂಡೆಯ ನೆಲವನ್ನು ಹೋಟೆಲಿನವರಿಗೆ ಕೊಡುವುದು:
ನಲವತ್ತೊಂದು ಲಕ್ಷ, ರೊಕ್ಕ ಕೈಯಲ್ಲೇ,
ಸಂಶಯವಿಲ್ಲ, ಮೀನಿನ ವಾಸನೆಯೂ ಇಲ್ಲ.
ಇಲ್ಲವೇ ಎಂಬತ್ತು ಹೆಂಗಸರಲ್ಲಿ ಐವತ್ತು ಮಂದಿಯನ್ನು ಮನೆಗೆ ಕಳಿಸಿ
ಹೆಪ್ಪುಗಟ್ಟಿದ ಮೀನು ತರಿಸಿ ಯಂತ್ರದ ಬಾಯಿಗಿಡುವುದು.
(ಇದನ್ನು ಲೆಕ್ಕ ಹಾಕಿದೆ. ಮೂವತ್ತಾರು.
ಹಾಕಿದ್ದನ್ನು ಮರೆಯಲು ಒಂದು ಕಾಫಿ ಕುಡಿದೆ.)
ಮೂರನೆಯದು ಮ್ಯಾನೇಜರ್ ವಾಲ್ದೆಮಾರನ ಗೀಟಿನ ಪುಸ್ತಕದಲ್ಲಿತ್ತು:
ಕೈಯಿಂದಲೇ ತುಂಬಿ, ಡಬ್ಬಿಗೆ ವರ್ಷ ಅಚ್ಚೊತ್ತಿ,
ಕಡಿಮೆ ಮಾಡಿ, ದುಬಾರಿಗೆ ಮಾರುವುದು.
ಗೆದ್ದರೆ ತೊಂಬತ್ತು.
ಗೆಲ್ಲುವ ಸಾಧ್ಯತೆ ಶೇಕಡಾ ಮೂವತ್ತೈದು ಎಂದು ಬರೆದೆ.
ಎಲ್ಲಿಂದ ಬಂತೆಂದು ಯಾರೂ ಕೇಳಲಿಲ್ಲ;
ಕೇಳಿದ್ದರೆ ಕಿಟಕಿಯಾಚೆ ಸಮುದ್ರ ತೋರಿಸಬೇಕಿತ್ತು.
ಗುಣಿಸಿದರೆ ಮೂವತ್ತೊಂದೂವರೆ.
ಹೋಟೆಲು ಗೆದ್ದಿತು.

ಬೆಲ್ಮೀರಾ, ನಲವತ್ತು ವರ್ಷದಿಂದ ಮೀನಿನ ತಲೆ ಕತ್ತರಿಸುವವಳು,
ಏಪ್ರನ್ನಿಗೆ ಕೈ ಒರೆಸುತ್ತ
ನನ್ನ ಪರದೆಗೆ ಇಣುಕಿ ಕೇಳಿದಳು:
"ನಾವು ಸೋತೆವು ಅಂತಲೇ ಇಟ್ಟುಕೊ.
ನೆಲ ಎದ್ದು ಸಮುದ್ರಕ್ಕೆ ಹೋಗುತ್ತದೆಯೆ?"

ಹೋಗುವುದಿಲ್ಲ.
ಹದಿನೆಂಟು ವರ್ಷದ ಅನುಭವ ನನ್ನದು; ಕಿವಿ ಬಿಸಿಯಾಯಿತು.
ಸೋತ ಮೇಲೂ ನೆಲ ಉಂಟು, ಹೋಟೆಲಿನವನೂ ಉಂಟು,
ಎರಡು ವರ್ಷ ತಡ, ಅಷ್ಟೆ.
ಹೊಸ ಸಾಲು ಸೇರಿಸಿದೆ: ಇಪ್ಪತ್ತು ಬಂತು.
ನಡುವೆ ಸುಟ್ಟುಹೋಗುವ ಹಣ ಕಳೆದರೆ ಒಟ್ಟು ನಲವತ್ತಮೂರು.
ಹೋಟೆಲಿಗಿಂತ ಎರಡು ಹೆಚ್ಚು:
ಸೋಡಿ ದರ ಒಂದು ಸಲ ಸೀನಿದರೆ ಹಾರಿಹೋಗುವಷ್ಟು.

ಆಮೇಲೆ ಅವಳು ಗೋದಾಮಿಗೆ ಕರೆದೊಯ್ದಳು.
ಆರು ವರ್ಷ ಹಳೆಯ ಡಬ್ಬಿಗಳು, ಹನ್ನೊಂದು ಸಾವಿರ,
ಮಾರಾಟವಾಗದೆ ಉಳಿದ ಸರಕು.
ಲೆಕ್ಕದ ಪುಸ್ತಕದಲ್ಲಿ ಅದರ ಬೆಲೆ ಸೊನ್ನೆ,
ಬರೆದವನು ನನ್ನಂಥವನೇ ಒಬ್ಬ.
"ಆರು ತಿಂಗಳಿಗೊಮ್ಮೆ ಮಗ್ಗುಲು ಬದಲಿಸುತ್ತೇನೆ," ಎಂದಳು,
"ಎಣ್ಣೆ ತಳಕ್ಕಿಳಿದು ನಿಂತರೆ
ಮೇಲಿನ ಮೀನು ಒಣಗುತ್ತದೆ."
ಯಾರು ಹೇಳಿದರು? ಯಾರೂ ಇಲ್ಲ.
ಕೂಲಿ? ನಕ್ಕಳು.
ಹನ್ನೊಂದು ಸಾವಿರ, ವರ್ಷಕ್ಕೆರಡು ಸಲ,
ಮಲಗಿದ ಮಗುವನ್ನು ಹೊರಳಿಸುವ ಹಾಗೆ.

ಒಂದನ್ನು ಒಡೆದಳು.
ಮುಳ್ಳು ಬೆಣ್ಣೆಯಾಗಿತ್ತು.
ಕಾಲ ಕಳೆಯುತ್ತದೆ, ಕಳೆಯುವುದೊಂದೇ ಅದಕ್ಕೆ ಗೊತ್ತು
ಎಂದು ಇಷ್ಟು ವರ್ಷ ಸಹಿ ಹಾಕಿದ್ದೆನಲ್ಲ,
ನಾಲಿಗೆಯ ಮೇಲೆ ಅದು ಕೂಡಿತ್ತು.

ವರದಿಯಲ್ಲಿ ಇದನ್ನೆಲ್ಲ ಬರೆಯಲು ಜಾಗವಿರಲಿಲ್ಲ.
ಸೊನ್ನೆಯನ್ನು ಅಳಿಸಿ ಒಂದು ಅಂಕಿ ಇಟ್ಟೆ,
ಕೆಳಗೆ ಸಣ್ಣಕ್ಷರದ ಟಿಪ್ಪಣಿ:
'ತಪಾಸಣೆ ಮಾಡಲಾಗಿದೆ.'
ತಿಂದೆ ಎಂದು ಬರೆಯಲಿಲ್ಲ.

ಬ್ಯಾಂಕು ಇನ್ನೂ ಪರಿಶೀಲಿಸುತ್ತಿದೆಯಂತೆ.
ನನ್ನ ಕಪಾಟಿನಲ್ಲಿ ಅವಳು ಕೊಟ್ಟ ಡಬ್ಬಿಯೊಂದಿದೆ.
ಮಾರ್ಚಿಗೊಮ್ಮೆ, ಸೆಪ್ಟೆಂಬರಿಗೊಮ್ಮೆ ಹೊರಳಿಸಬೇಕು.
ಯಾವ ಮಗ್ಗುಲು ಮೇಲಿತ್ತೋ ಮರೆತು
ಕೆಲವು ಸಲ
ಎರಡೆರಡು ಬಾರಿ ಹೊರಳಿಸಿ
ಮೊದಲಿದ್ದ ಹಾಗೇ ಇಟ್ಟುಬಿಡುತ್ತೇನೆ.